ಬೀರುವಿನಲ್ಲಿ ಮಡಚಿಟ್ಟ ಮದುವೆಯ ಉಡುಪು

(ಜುಮಾ ಪ್ರವಚನದ ಸಾರಾಂಶ)



ಸರ್ವಸ್ತುತಿ ಅಲ್ಲಾಹನಿಗೆ. ಅವನ ಪ್ರವಾದಿ(ಸ)ಯವರ ಮೇಲೆ ಸಲಾತ್ ಮತ್ತು ಸಲಾಮ್. ಇಂದು ನಾವು ಒಂದು ಉಡುಪಿನ ಕಥೆಯಿಂದ ಮಾತು ಆರಂಭಿಸೋಣ.

2006ರ ಡಿಸೆಂಬರ್ 5ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜು ಸಂಸ್ಥೆಯಲ್ಲಿ ಒಂದು ಹಳೆಯ ಕಪ್ಪು ಉಡುಪು ಮಾರಾಟಕ್ಕೆ ಬಂತು. 1961ರ ‘ಬ್ರೇಕ್‌ಫಾಸ್ಟ್ ಅಟ್ ಟಿಫಾನೀಸ್’ ಎಂಬ ಹಾಲಿವುಡ್ ಚಿತ್ರಕ್ಕೆಂದು, ನಟಿ ಆಡ್ರಿ ಹೆಪ್‌ಬರ್ನ್‌ಗಾಗಿ, ಫ್ರಾನ್ಸಿನ ವಸ್ತ್ರ ವಿನ್ಯಾಸಕ ಜಿವಾಂಶಿ ರೂಪಿಸಿದ್ದು. ಹೆಚ್ಚೆಂದರೆ 70 ಸಾವಿರ ಪೌಂಡ್ ಬರಬಹುದೆಂಬ ಅಂದಾಜಿತ್ತು. ಬಂದದ್ದು 4,67,200 ಪೌಂಡ್. ಆಗಿನ ಲೆಕ್ಕದಲ್ಲಿ ಸುಮಾರು ನಾಲ್ಕು ಕೋಟಿ ರೂಪಾಯಿ!

ಒಂದು ಬಟ್ಟೆಗೆ ಇಷ್ಟು ಹಣವೇ ಎಂದು ನಾವು ಮೂಗು ಮುರಿಯಬಹುದು. ಆದರೆ ಆ ಹಣ ಎಲ್ಲಿಗೆ ಹೋಯಿತು? ಜಿವಾಂಶಿ ಅದನ್ನು ಲೇಖಕ ಡೊಮಿನಿಕ್ ಲಾಪಿಯೇರ್ ಅವರಿಗೆ ಕೊಟ್ಟಿದ್ದರು. ಕೋಲ್ಕತಾದ ಬಡವರ ಬದುಕನ್ನು ಕುರಿತು ‘ಸಿಟಿ ಆಫ್ ಜಾಯ್’ ಬರೆದವರು ಅವರು. ಹರಾಜಿನ ಹಣ ಅದೇ ಬಡವರಿಗಾಗಿ ಅವರು ಕಟ್ಟಿದ ಸೇವಾ ಸಂಸ್ಥೆಗೆ ಮೀಸಲಾಗಿತ್ತು. ಆ ಉಡುಪಿನ ಮಾದರಿ ನಮ್ಮದಲ್ಲ. ಆದರೆ ಸುಮ್ಮನೆ ಇಟ್ಟಿದ್ದ ಬಟ್ಟೆ ಬಡವರ ಕೆಲಸಕ್ಕೆ ಬಂತು ಎಂಬುದರಲ್ಲಿ ನಮಗೆ ಪಾಠವಿದೆ.

ಮದೀನಾದಲ್ಲೂ ಒಂದು ಉಡುಪಿತ್ತು. ಹಝ್ರತ್ ಆಯಿಶಾ(ರ)ರ ಮುಂದಿನ ಕಾಲದ ಮಾತು ಬುಖಾರಿಯಲ್ಲಿದೆ. ಅವರು ಐದು ದಿರ್ಹಮ್ ಬೆಲೆಯ ಒರಟು ಬಟ್ಟೆ ತೊಟ್ಟಿದ್ದರು. ಮನೆಯ ಸೇವಕಿಗೂ ಅದನ್ನು ತೊಡಲು ಮನಸ್ಸಿರಲಿಲ್ಲ. ಪ್ರವಾದಿ(ಸ)ಯವರ ಕಾಲದಲ್ಲಿ ಇಂಥದ್ದೇ ಒಂದು ತಮ್ಮಲ್ಲಿತ್ತು, ಮದೀನಾದಲ್ಲಿ ಯಾವ ಹೆಣ್ಣನ್ನು ಅಲಂಕರಿಸುವುದಿದ್ದರೂ ಅದನ್ನು ತಮ್ಮಿಂದಲೇ ಎರವಲು ತರಿಸುತ್ತಿದ್ದರು ಎಂದು ಅವರು ನೆನೆದರು. ಕೊಟ್ಟವರಿಗೆ ಹೆಮ್ಮೆಯಿಲ್ಲ, ತೊಟ್ಟವರಿಗೆ ನಾಚಿಕೆಯಿಲ್ಲ.

ಈಗ ನಮ್ಮ ಮೊಹಲ್ಲಾಕ್ಕೆ ಬರೋಣ. ಈಚೆಗೆ ಒಬ್ಬ ತಂದೆ ಮಗ್ರಿಬ್ ನಮಾಝಿನ ಬಳಿಕ ನಮ್ಮ ಬಳಿ ಕುಳಿತರು. ಮಗಳ ನಿಕಾಹ್‌ಗೆ ಹಾಲ್, ಊಟ ಎಲ್ಲ ಹೇಗೋ ಆಗಿದೆ. “ಹಝ್ರತ್, ಅವಳ ಉಡುಪಿಗೆ 30 ಸಾವಿರ ಬೇಕು. ಬಡ್ಡಿಗೆ ತರದೆ ಬೇರೆ ದಾರಿ ಕಾಣುತ್ತಿಲ್ಲ” ಎಂದರು. ನಾವು ಮನೆಗೆ ಬಂದು ಹೇಳಿದೆವು. ಮನೆಯವರು ಬೀರುವಿನಿಂದ ತಮ್ಮ ನಿಕಾಹ್‌ನ ಜೋಡಿ ತೆಗೆದರು. ಹದಿನೇಳು ವರ್ಷ ಮಡಚಿಟ್ಟದ್ದು. ಜರಿ ಕಪ್ಪಾಗಿತ್ತು, ಮಡಿಕೆಯಲ್ಲಿ ರೇಷ್ಮೆ ಸೀಳಿತ್ತು. ಯಾರೂ ತೊಡಲಿಲ್ಲ, ಯಾರಿಗೂ ದಕ್ಕಲಿಲ್ಲ. ನಮಗೆ ತಲೆತಗ್ಗಿಸುವಂತಾಯಿತು. ಕೊನೆಗೆ ಅದೇ ಬೀದಿಯ ಇನ್ನೊಂದು ಮನೆಯ ಸಹೋದರಿ ತಮ್ಮದನ್ನು ಕೊಟ್ಟರು. ಸಾಲ ತಪ್ಪಿತು, ಅಲ್‌ಹಮ್ದುಲಿಲ್ಲಾಹ್.

ಸೂರಃ ಮಾಊನ್ ನಮಗೆಲ್ಲ ಬಾಯಿಪಾಠ. ಸಣ್ಣಪುಟ್ಟ ಬಳಕೆಯ ವಸ್ತುವನ್ನೂ ಕೊಡದವರ ಬಗ್ಗೆ ಅಲ್ಲಿ ಎಚ್ಚರಿಕೆಯಿದೆ. ಪಾತ್ರೆ, ಕೊಡಲಿ, ಬಾವಿಯ ಕೊಡ ಎಂದು ಹಿರಿಯರು ಉದಾಹರಣೆ ಕೊಟ್ಟಿದ್ದಾರೆ. ಒಮ್ಮೆ ಮಾತ್ರ ತೊಟ್ಟ ಮದುವೆಯ ಉಡುಪನ್ನೂ ಆ ಸಾಲಿಗೆ ಸೇರಿಸಿಕೊಳ್ಳೋಣ.

ಕೊಡುವವರು ಬಿಡಿಸಿ, ಬಿಸಿಲಿನ ಬದಲು ನೆರಳಿನಲ್ಲಿ ಗಾಳಿಗೆ ಹರವಿ, ಸರಿಮಾಡಿ ಕೊಡಲಿ. ಕೊಟ್ಟ ಮೇಲೆ ‘ಅದು ನಮ್ಮದು’ ಎಂದು ವಲೀಮಾದ ಊಟದಲ್ಲಿ ಹೇಳದಿರಲಿ. ಉಪಕಾರ ಎತ್ತಿ ಆಡಿದರೆ ಪುಣ್ಯವೇ ಹೋಗುತ್ತದೆ. ಪಡೆದವರು ಅದನ್ನು ಅಮಾನತ್ ಎಂದು ತಿಳಿದು ಶುಚಿಮಾಡಿ ಮರಳಿಸಲಿ. ಮಾರುವುದೂ ತಪ್ಪಲ್ಲ, ಆದರೆ ಕಲೆ, ಹರಕು ಇದ್ದರೆ ತೋರಿಸಿಯೇ ಮಾರಬೇಕು.

ಸಹೋದರರೇ, ಈ ಮಾತನ್ನು ಮನೆಯಲ್ಲಿ ತಾಯಿ, ಹೆಂಡತಿ, ಅಕ್ಕತಂಗಿಯರಿಗೆ ತಲುಪಿಸಿ. ಉಡುಪು ಅವರದ್ದು, ತೀರ್ಮಾನವೂ ಅವರದ್ದೇ. ಇಂದು ಸಂಜೆ ಬೀರು ತೆರೆದು ನೋಡಲಿ, ಅಷ್ಟು ಸಾಕು.

ಕೊಡುವ ಮನಸ್ಸನ್ನೂ, ಪಡೆದವರ ಮಾನ ಕಾಯುವ ಬುದ್ಧಿಯನ್ನೂ ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.