ಮುಚ್ಚಳ ತೆರೆಯುವ ಹಕ್ಕು

(ಜವಳಗೇರಾದಲ್ಲಿ ರೈತರು ಹಾಗೂ ವಿದ್ಯಾರ್ಥಿಗಳೆದುರು ಮಾಡಿದ ಉಪನ್ಯಾಸ)



ನಾನು ಬೆಟ್ಟದ ಸೀಮೆಯವನು, ನೀವು ಕಾಲುವೆಯ ಸೀಮೆಯವರು. ಆದರೂ ಇರುಳಲ್ಲಿ ಗದ್ದೆಗೆ ಹೊರಟಾಗ ಇಬ್ಬರ ಕೈಯಲ್ಲೂ ಇರುವುದು ‘ಬ್ಯಾಟರಿ’. ಟಾರ್ಚನ್ನೇ ನಾವು ಹಾಗೆ ಕರೆಯುವುದು. ಸೆಲ್ಲು ತೀರಿದರೆ ಅಂಗಡಿಯಿಂದ ಹೊಸದನ್ನು ತಂದು ಹಾಕುತ್ತಿದ್ದೆವು. ಟಾರ್ಚು ವರ್ಷಗಟ್ಟಲೆ ಬಾಳುತ್ತಿತ್ತು. ಇಂದಿನ ಎಷ್ಟೋ ಚಾರ್ಜಿಂಗ್ ಟಾರ್ಚುಗಳಲ್ಲಿ, ಬಹುಪಾಲು ಸ್ಮಾರ್ಟ್‌ಫೋನುಗಳಲ್ಲಿ ಬ್ಯಾಟರಿಯನ್ನು ಒಳಗೇ ಇಟ್ಟು ಮುಚ್ಚಿರುತ್ತಾರೆ. ಬ್ಯಾಟರಿ ಸವೆಯುವುದು ಅದರ ಸ್ವಭಾವ. ಅದರೊಡನೆ ಉಪಕರಣವೂ ಸಾಯುವುದು ಮನುಷ್ಯರು ಮಾಡಿದ ಏರ್ಪಾಡು.

ಎರಡು ಘಟನೆಗಳನ್ನು ನೋಡೋಣ. 2007ರ ಆಗಸ್ಟ್‌ನಲ್ಲಿ ನೋಕಿಯಾ ಸಂಸ್ಥೆಯು ತನ್ನ ಬಿಎಲ್-5ಸಿ ಬ್ಯಾಟರಿಗಳಲ್ಲಿ ಸುಮಾರು 4.6 ಕೋಟಿ ಬ್ಯಾಟರಿಗಳು ಚಾರ್ಜ್ ಮಾಡುವಾಗ ಅತಿಯಾಗಿ ಬಿಸಿಯಾಗಬಹುದೆಂದು ಎಚ್ಚರಿಸಿತು. ಉಚಿತವಾಗಿ ಬದಲಿಸಿಕೊಡಲು ಮುಂದಾಯಿತು. ಜನರು ಹಿಂಬದಿಯ ಮುಚ್ಚಳ ತೆಗೆದು ಸಂಖ್ಯೆ ನೋಡಿಕೊಂಡರು. ಬದಲಾದದ್ದು ಬ್ಯಾಟರಿ, ಫೋನು ಉಳಿಯಿತು. 2016ರಲ್ಲಿ ಸ್ಯಾಮ್‌ಸಂಗ್ ಗ್ಯಾಲಕ್ಸಿ ನೋಟ್ 7 ಫೋನುಗಳಿಗೆ ಬ್ಯಾಟರಿಯ ದೋಷದಿಂದ ಬೆಂಕಿ ಹತ್ತತೊಡಗಿದಾಗ, ಲಕ್ಷಾಂತರ ಫೋನುಗಳನ್ನೇ ಹಿಂಪಡೆಯಬೇಕಾಯಿತು.

ಐರೋಪ್ಯ ಒಕ್ಕೂಟವು 2023ರಲ್ಲಿ ಇದಕ್ಕೆ ಕಾನೂನು ಮಾಡಿದೆ. ಉಪಕರಣದ ಬ್ಯಾಟರಿಯನ್ನು ಬಳಕೆದಾರನೇ ಪೇಟೆಯಲ್ಲಿ ಸಿಗುವ ಸಲಕರಣೆಗಳಿಂದ ಬದಲಿಸುವಂತಿರಬೇಕು. ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ 5 ವರ್ಷ ಬದಲಿ ಬ್ಯಾಟರಿ ದೊರೆಯಬೇಕು. ಈ ವಿಧಿ ಅನ್ವಯವಾಗುವ ದಿನ 2027ರ ಫೆಬ್ರವರಿ 18. ನೀರಿನಲ್ಲಿ ಬಳಸುವ ಉಪಕರಣಗಳೇ ಮೊದಲಾದ ಕೆಲವಕ್ಕೆ ವಿನಾಯಿತಿಯುಂಟು.

ನಮ್ಮ ದೇಶದ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸವೆದ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಣೆಗೆ ಕಳಿಸುವ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಅದು ಸ್ವಾಗತಾರ್ಹ. ಆದರೆ ಬ್ಯಾಟರಿಯನ್ನು ಬಳಕೆದಾರನೇ ತೆಗೆಯುವಂತಿರಬೇಕೆಂದು ಅವು ವಿಧಿಸುವುದಿಲ್ಲ.

ಇದಕ್ಕೂ ಬೆಟ್ಟಕ್ಕೂ ಏನು ಸಂಬಂಧವೆಂದು ಕೇಳಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಯನ್ನು ನೀವು ಬಲ್ಲಿರಿ. ಅಲ್ಲಿ ಒಂದು ಟನ್ ಅದಿರನ್ನು ಒಡೆದು ಅರೆದರೆ ದೊರೆಯುವುದು ಕೆಲವೇ ಗ್ರಾಂ ಚಿನ್ನ. ಫೋನಿನೊಳಗೂ ಚಿನ್ನವಿದೆ, ತಾಮ್ರವಿದೆ. ಬ್ಯಾಟರಿಯಲ್ಲಿ ಲಿಥಿಯಂ ಇದೆ. ಎಲ್ಲವೂ ಯಾರದೋ ಊರಿನ ನೆಲವನ್ನು ಬಗೆದು ತಂದವು. ಬ್ಯಾಟರಿಯೊಂದು ಸವೆಯಿತೆಂದು ಇಡೀ ಫೋನನ್ನು ಎಸೆದರೆ, ಮತ್ತೆ ಅಷ್ಟು ನೆಲವನ್ನು ಬಗೆಯಲು ನಾವೇ ಅಪ್ಪಣೆ ಕೊಟ್ಟಂತೆ.

ಆದುದರಿಂದ ಕೊಳ್ಳುವಾಗ ಅಂಗಡಿಯವರನ್ನು ಕೇಳಿರಿ: ‘ಇದರ ಬ್ಯಾಟರಿ ಬದಲಿಸಬಹುದೇ?’ ಇಂಥದೇ ಕಾನೂನು ನಮಗೂ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿರಿ. ಅಲ್ಲಿಯವರೆಗೆ, ಉಬ್ಬಿದ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆಗೆ ಹಾಕಬೇಡಿ, ಕಾಲುವೆಗೆ ಎಸೆಯಬೇಡಿ.

ಹಣ ಕೊಟ್ಟು ತಂದ ವಸ್ತುವಿನ ಮುಚ್ಚಳ ತೆರೆಯುವ ಹಕ್ಕು ಕೊಂಡವನಿಗೆ ಇರಲೇಬೇಕು.