ಒಂದರ ಹಿಂದೊಂದು ಬಾಗಿಲು

ಜೋಡಿ ಬಾಗಿಲು ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಒಂದೇ ಚೌಕಟ್ಟಿಗೆ ಕೂಡಿಸಿದ ಎರಡು ಕದಗಳು. ನಾನು ಹೇಳಹೊರಟಿರುವುದು ಬೇರೊಂದು ಬಗೆಯ ಜೋಡಿಯನ್ನು ಕುರಿತು. ಶೀತದೇಶಗಳ ಬೃಹತ್ ಕಟ್ಟಡಗಳಲ್ಲಿ ಮೊದಲ ಬಾಗಿಲನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟರೆ ಮತ್ತೊಂದು ಬಾಗಿಲು ಎದುರಾಗುತ್ತದೆ. ನಡುವಣ ಪುಟ್ಟ ಅಂಕಣದಲ್ಲಿ ಕೂರಲು ಆಸನವಿಲ್ಲ, ಮಾಡಲು ಕೆಲಸವಿಲ್ಲ. ಹಾಗಾದರೆ ಅದು ಇರುವುದಾದರೂ ಏಕೆ?

ಉತ್ತರ ಗಾಳಿಯಲ್ಲಿದೆ. ಚಳಿಗಾಲದಲ್ಲಿ ಎತ್ತರದ ಕಟ್ಟಡವೆಂಬುದು ಒಂದು ದೊಡ್ಡ ಹೊಗೆಗೂಡು. ಒಳಗಿನ ಬೆಚ್ಚನೆಯ ಗಾಳಿ ಹಗುರವಾದದ್ದು. ಮೆಟ್ಟಿಲುಗಳ, ಲಿಫ್ಟುಗಳ ದಾರಿ ಹಿಡಿದು ಮೇಲೇರಿ, ಮೇಲಂತಸ್ತಿನ ಸಂದುಗಳಿಂದ ಹೊರಬೀಳುತ್ತದೆ. ಆ ತೆರವನ್ನು ತುಂಬಲು ಹೊರಗಿನ ಶೀತಲ ಗಾಳಿ ಕೆಳಗಿನ ಬಾಗಿಲಿನಿಂದ ನುಗ್ಗುತ್ತದೆ. ಕಟ್ಟಡದ ಎತ್ತರ 100 ಮೀಟರ್, ಒಳಗೆ 20 ಡಿಗ್ರಿ, ಹೊರಗೆ ಸೊನ್ನೆ ಡಿಗ್ರಿ ಎಂದಿಟ್ಟುಕೊಳ್ಳಿ. 2 ಚದರ ಮೀಟರಿನ ಬಾಗಿಲಿನ ಮೇಲೆ ಬೀಳುವ ಒತ್ತಡ, ಸರಳವಾದ ಲೆಕ್ಕದಂತೆ, ಸುಮಾರು 9 ಕಿಲೋಗ್ರಾಂ ಭಾರಕ್ಕೆ ಸಮ. ಹೊರಗೆ ಬಿಸಿಲಿದ್ದು ಒಳಗನ್ನು ತಂಪುಗೊಳಿಸಿದಾಗ ಈ ಪ್ರವಾಹ ತಿರುಗುಮುರುಗಾಗುತ್ತದೆ.

ಎರಡನೆಯ ಬಾಗಿಲು ತೆರೆಯುವ ಮುನ್ನ ಮೊದಲನೆಯದು ಮುಚ್ಚಿಕೊಂಡರೆ ಗಾಳಿಯ ದಾರಿ ತುಂಡಾಗುತ್ತದೆ. ಆದ್ದರಿಂದಲೇ ಅಮೆರಿಕದ ಇಂಧನ ಮಿತವ್ಯಯದ ಮಾನದಂಡ ಇವೆರಡರ ನಡುವೆ ಸಾಮಾನ್ಯವಾಗಿ ಕನಿಷ್ಠ 7 ಅಡಿಯ ಅಂತರವನ್ನು ಬಯಸುತ್ತದೆ. ಆದರೆ ಜನ ಸಾಲುಗಟ್ಟಿ ಬಂದಾಗ ಎರಡೂ ಒಟ್ಟಿಗೆ ತೆರೆದುಕೊಳ್ಳುತ್ತವೆ, ಉಪಾಯ ವ್ಯರ್ಥವಾಗುತ್ತದೆ.

ಈ ತೊಡಕಿಗೆ ಫಿಲಡೆಲ್ಫಿಯಾದ ಥಿಯೋಫಿಲಸ್ ವಾನ್ ಕ್ಯಾನೆಲ್ 1888ರಲ್ಲಿ ಸುತ್ತುಬಾಗಿಲಿನ ಹಕ್ಕುಪತ್ರ ಪಡೆದು ಪರಿಹಾರ ಸೂಚಿಸಿದ. ಜನರು ಹಾಯುತ್ತಿದ್ದರೂ ಅದು ಗಾಳಿಯ ಪಾಲಿಗೆ ಮುಚ್ಚಿಯೇ ಇರುತ್ತದೆ.

ಆ ಜಾಣ್ಮೆಯೇ ಒಮ್ಮೆ ಮೃತ್ಯುವಿಗೆ ನೆರವಾಯಿತು. 1942ರ ನವೆಂಬರ್ 28ರ ರಾತ್ರಿ ಬಾಸ್ಟನ್ನಿನ ಕೋಕೋನಟ್ ಗ್ರೋವ್ ಎಂಬ ವಿಹಾರಗೃಹಕ್ಕೆ ಬೆಂಕಿ ಬಿತ್ತು. ಮುಖ್ಯದ್ವಾರದಲ್ಲಿದ್ದುದು ಒಂದೇ ಒಂದು ಸುತ್ತುಬಾಗಿಲು. ಎರಡೂ ಬದಿಯಿಂದ ಜನ ತಳ್ಳಿದಾಗ ಅದು ತಿರುಗದೆ ನಿಂತಿತು. ಬೇರೆ ಬಾಗಿಲುಗಳಲ್ಲಿ ಕೆಲವಕ್ಕೆ ಬೀಗ. ಕೆಲವು ಒಳಮುಖವಾಗಿ ತೆರೆಯುವಂಥವು, ನೂಕುವವರ ಭಾರಕ್ಕೇ ಮುಚ್ಚಿಕೊಂಡವು. ಸತ್ತವರು 492 ಮಂದಿ. ಅನಂತರ ಅಲ್ಲಿಯ ಕಾನೂನುಗಳು, ಸುತ್ತುಬಾಗಿಲಿನ ಮಗ್ಗುಲಲ್ಲೇ ಹೊರಮುಖವಾಗಿ ತೆರೆಯುವ ಸಾಮಾನ್ಯ ಬಾಗಿಲು ಇರಬೇಕೆಂದು ವಿಧಿಸಿದವು.

ಗಾಳಿಯನ್ನು ತಡೆಯುವ ಬಾಗಿಲು ಮನುಷ್ಯನನ್ನು ತಡೆಯಕೂಡದು. ಅಂಥ ಕಟ್ಟಡವನ್ನು ಹೊಕ್ಕಾಗ ಹೊಳೆಯುವ ಗಾಜಿನ ಪಕ್ಕದಲ್ಲಿರುವ ಆ ಸಾಧಾರಣ ಬಾಗಿಲನ್ನು ಒಮ್ಮೆ ನೋಡಿ. ಅದಕ್ಕೆ ಬೀಗ ಬಿದ್ದಿದ್ದರೆ, ಏಕೆಂದು ಕೇಳಲು ಸಂಕೋಚಪಡಬೇಡಿ.