ಹಳೆಯ ಸೀರೆ, ಹೊಸ ಕೂಸು



ಗೃಹವಿಜ್ಞಾನದ ಮೊದಲ ವರ್ಷದವರಿಗೆ ಬಟ್ಟೆಯ ಪಾಠ ಶುರುಮಾಡುವ ದಿನ ನಾನು ಪುಸ್ತಕ ತೆಗೆಸುತ್ತಿರಲಿಲ್ಲ. ಮನೆಯಲ್ಲಿ ಕೂಸಿಗೆ ತೊಡಿಸಿದ ಯಾವುದಾದರೂ ಹಳೆಯ ಬಟ್ಟೆ ಇದ್ದರೆ ನಾಳೆ ತನ್ನಿರಿ ಎನ್ನುತ್ತಿದ್ದೆ. ಮರುದಿನ ಮೇಜಿನ ಮೇಲೆ ಕುಂಚಿಗೆ, ಕೌದಿ, ಅಜ್ಜಿಯ ಸೀರೆ ಹರಿದು ಮಾಡಿದ ಲಂಗೋಟಿ, ಎಲ್ಲ ಬಂದು ಬೀಳುತ್ತಿದ್ದವು. ಕುಂಚಿಗೆ ಎಂದರೆ ಕೂಸಿನ ತಲೆ, ಕಿವಿ, ಬೆನ್ನು ಮೂರನ್ನೂ ಒಟ್ಟಿಗೆ ಮುಚ್ಚುವ ಉಡುಪು. ನಮ್ಮ ಧಾರವಾಡದ ಕಡೆ ಅದಕ್ಕೆ ಹೊರಗೆ ಗುಳೇದಗುಡ್ಡದ ಖಣ, ಒಳಗೆ ಹಳೆಯ ಹತ್ತಿ ಸೀರೆಯ ಅಸ್ತರು. ಒಳಗೆ ಹಳೆಯದು ಯಾಕೆ, ಹೊಸದು ಯಾಕೆ ಹಾಕಲಿಲ್ಲ ಎಂದು ಕೇಳಿದರೆ ಹುಡುಗಿಯರು ಮುಖ ಮುಖ ನೋಡಿಕೊಳ್ಳುತ್ತಿದ್ದರು. "ಗೊತ್ತಿಲ್ರೀ, ನಮ್ಮ ಆಯಿ ಹಂಗ ಮಾಡತಿದ್ಲು" ಎಂದು ಒಬ್ಬಳಾದರೂ ಹೇಳುತ್ತಿದ್ದಳು.

ಆಯಿ ಮಾಡಿದ್ದು ಸರಿಯಾಗಿಯೇ ಇತ್ತು. ಮಗ್ಗಕ್ಕೆ ಏರಿಸುವ ಮೊದಲು ಹಾಸಿನ ನೂಲಿಗೆ ಗಂಜಿ ಹಾಕುತ್ತಾರೆ. ಹೊಸ ಬಟ್ಟೆ ಬಿರುಸಾಗಿರುವುದಕ್ಕೆ ಅದೊಂದು ಕಾರಣ. ಹತ್ತಾರು ಸಲ ಒಗೆದ ಸೀರೆಯಲ್ಲಿ ಗಂಜಿ ಹೋಗಿರುತ್ತದೆ, ನೂಲು ಸಡಿಲವಾಗಿ ಬಟ್ಟೆ ನೀರನ್ನು ಬೇಗ ಹೀರುತ್ತದೆ. ಪ್ರಯೋಗಾಲಯದ ಪ್ರಮಾಣಿತ ಹವೆಯಲ್ಲಿ ನೂರು ಗ್ರಾಂ ಒಣ ಹತ್ತಿ ಎಂಟು ಗ್ರಾಮಿನಷ್ಟು ತೇವ ಹಿಡಿದುಕೊಳ್ಳುತ್ತದೆ. ರೇಷ್ಮೆ ಸುಮಾರು ಹನ್ನೊಂದು ಗ್ರಾಂ. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹಿಡಿಯುವುದಿಲ್ಲ. ಬೆವರುವ ಕೂಸಿನ ಮೈಗೆ ಯಾವುದು ಹಿತ ಎಂದು ಇನ್ನು ಬೇರೆ ಹೇಳಬೇಕಾಗಿಲ್ಲ. ಅಂಗಡಿಯವರು ಹತ್ತಿ ಎಂದು ಕೊಟ್ಟದ್ದರ ಬಗ್ಗೆ ಅನುಮಾನ ಬಂದರೆ ಅಂಚಿನ ಎರಡು ಎಳೆ ಬಿಡಿಸಿ ಚಿಮಟದಲ್ಲಿ ಹಿಡಿದು ದೀಪಕ್ಕೆ ತೋರಿಸಿ. ಹತ್ತಿ ಕಾಗದದಂತೆ ಉರಿದು ಹಗುರ ಬೂದಿ ಬಿಡುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಕೊಡುತ್ತದೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಾಗುತ್ತದೆ.

ಆಯಿಗೆ ಏನು ಮಾಡಬೇಕೆಂಬುದು ಗೊತ್ತಿತ್ತು. ಯಾಕೆ ಎಂಬುದನ್ನು ಕೇಳಿ, ಅಳೆದು, ಬರೆದಿಡುವ ಶಾಸ್ತ್ರವೊಂದು ಹುಟ್ಟಿ ಈಗ ನೂರಿಪ್ಪತ್ತೈದು ವರ್ಷ ದಾಟಿದೆ. ಆ ಶಾಸ್ತ್ರ ನಡೆದು ಬಂದ ದಾರಿಯನ್ನು ಇಂದು ನಿಮ್ಮೆದುರು ಹೇಳಬೇಕೆಂದಿದ್ದೇನೆ.

ಕಥೆ ಶುರುವಾಗುವುದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1842ರಲ್ಲಿ ಹುಟ್ಟಿದ ಎಲೆನ್ ಸ್ವಾಲೋ ಎಂಬ ಹೆಣ್ಣುಮಗಳಿಂದ. ಅವರಿಗೆ ರಸಾಯನಶಾಸ್ತ್ರದ ಹುಚ್ಚು. ಬೋಸ್ಟನ್ನಿನ ಎಂಐಟಿ ಎಂಬ ತಂತ್ರಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆವರೆಗೆ ಅಲ್ಲಿ ಒಬ್ಬ ಹೆಣ್ಣೂ ಓದಿರಲಿಲ್ಲ. 1870ರ ಕೊನೆಯಲ್ಲಿ ಅವರನ್ನು ವಿಶೇಷ ವಿದ್ಯಾರ್ಥಿನಿ ಎಂದು ಸೇರಿಸಿಕೊಂಡು, ಶುಲ್ಕ ಬೇಡ ಎಂದರು. ತನ್ನ ಕೈ ಬರಿದಾಗಿದೆ ಎಂದು ಕನಿಕರಿಸಿದರೆಂದೇ ಆಕೆ ತಿಳಿದಿದ್ದರು. ಕಾರಣ ಬೇರೆಯಿತ್ತು. ಹೆಣ್ಣನ್ನು ಯಾಕೆ ಸೇರಿಸಿದಿರಿ ಎಂದು ಯಾರಾದರೂ ತಗಾದೆ ತೆಗೆದರೆ, ಶುಲ್ಕವೇ ಕಟ್ಟದ ಆಕೆ ನಮ್ಮ ವಿದ್ಯಾರ್ಥಿನಿಯೇ ಅಲ್ಲ ಎಂದು ಹೇಳಲು ಒಂದು ಬಾಗಿಲು ತೆರೆದಿಟ್ಟುಕೊಂಡಿದ್ದರು. ಈ ಮಾತು ತಿಳಿದಾಗ ಆಕೆ ಎಷ್ಟು ನೊಂದಿರಬೇಕು ಎಂದು ನಾನು ಪ್ರತಿ ವರ್ಷ ಪಾಠ ಹೇಳುವಾಗಲೂ ಯೋಚಿಸಿದ್ದೇನೆ. ಆದರೂ 1873ರಲ್ಲಿ ಪದವಿ ಪಡೆದರು. 1876ರಲ್ಲಿ ಅದೇ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗೊಂದು ಪ್ರಯೋಗಾಲಯ ತೆರೆಯುವಲ್ಲಿ ಮುಂದೆ ನಿಂತರು. ಮದುವೆಯ ನಂತರ ಎಲೆನ್ ರಿಚರ್ಡ್ಸ್ ಎಂದು ಹೆಸರಾದ ಅವರು ರಾಜ್ಯದ ನದಿ, ಕೆರೆ, ನಲ್ಲಿಗಳ ಸಾವಿರಾರು ನೀರಿನ ಮಾದರಿಗಳನ್ನು ಪರೀಕ್ಷಿಸಿದರು. ಅಂಗಡಿಯ ಆಹಾರ ಸಾಮಗ್ರಿಗಳ ಕಲಬೆರಕೆಯನ್ನು ಹುಡುಕಿ ತೆಗೆದರು.

ರಸಾಯನಶಾಸ್ತ್ರ ಹೆಣ್ಣಿಗೆ ಬಾಗಿಲು ಅರ್ಧ ಮಾತ್ರ ತೆರೆದಾಗ, ಆಕೆ ಆ ಶಾಸ್ತ್ರವನ್ನೇ ಅಡುಗೆಮನೆಗೆ ಕರೆತಂದರು. 1893ರಲ್ಲಿ ಷಿಕಾಗೋದ ದೊಡ್ಡ ಜಾಗತಿಕ ಮೇಳದಲ್ಲಿ ರಮ್‌ಫೋರ್ಡ್ ಕಿಚನ್ ಎಂಬ ಊಟದ ಮನೆ ನಡೆಸಿ, ಬಡಿಸಿದ ಪ್ರತಿ ಪದಾರ್ಥದಲ್ಲಿ ಎಷ್ಟು ಪೋಷಕಾಂಶವಿದೆ ಎಂದು ಬರೆದಿಟ್ಟರು. ಸ್ವಾಮಿ ವಿವೇಕಾನಂದರು ಮಾತಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಇದೇ ಮೇಳದ ಅಂಗವಾಗಿಯೇ. 1899ರ ಸೆಪ್ಟೆಂಬರಿನಲ್ಲಿ ಲೇಕ್ ಪ್ಲ್ಯಾಸಿಡ್ ಎಂಬ ಊರಿನಲ್ಲಿ ಬೆರಳೆಣಿಕೆಯ ಮಂದಿ ಸೇರಿ ಈ ಹೊಸ ವಿಷಯಕ್ಕೆ ಏನು ಹೆಸರಿಡೋಣ ಎಂದು ಚರ್ಚಿಸಿದರು. ಹೋಮ್ ಎಕನಾಮಿಕ್ಸ್ ಎಂಬ ಹೆಸರು ನಿಂತಿತು. ನಾವು ಗೃಹವಿಜ್ಞಾನ ಎಂದು ಕರೆದದ್ದು ಇದನ್ನೇ.

ಈ ಶಾಸ್ತ್ರ ಎಡವಿದ ಒಂದು ಜಾಗವನ್ನೂ ಹೇಳಲೇಬೇಕು. 1919ರಿಂದ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗದಲ್ಲಿ ವಿದ್ಯಾರ್ಥಿನಿಯರು ಒಂದು ಮಾದರಿ ಮನೆಯಲ್ಲಿ ವಾಸಮಾಡಿ ಸಂಸಾರದ ಕೆಲಸ ಕಲಿಯುತ್ತಿದ್ದರು. ಮಕ್ಕಳನ್ನು ನೋಡಿಕೊಳ್ಳುವುದನ್ನೂ ಕಲಿಯಬೇಕಲ್ಲ, ಅದಕ್ಕೆ ಅನಾಥಾಲಯದಿಂದ ಎಳೆಗೂಸುಗಳನ್ನು ತಂದಿಟ್ಟುಕೊಂಡರು. ಪಾಳಿಯ ಮೇಲೆ ಒಬ್ಬೊಬ್ಬ ವಿದ್ಯಾರ್ಥಿನಿ ತಾಯಿ. ಹಾಲು, ನಿದ್ದೆ, ಸ್ನಾನ ಎಲ್ಲಕ್ಕೂ ಗಡಿಯಾರ, ಎಲ್ಲಕ್ಕೂ ದಾಖಲೆ. ಆ ಕೂಸುಗಳಿಗೆ ಅಡ್ಡಹೆಸರಾಗಿ ಡೊಮೆಸ್ಟಿಕ್ ಎಕಾನಮಿ ಎಂಬುದನ್ನು ಮೊಟಕುಗೊಳಿಸಿ ಡೋಮೆಕಾನ್ ಎಂದು ಇಡುತ್ತಿದ್ದರು. ಮಕ್ಕಳು ಚೆನ್ನಾಗಿ ತೂಕ ಹಾಕಿಕೊಂಡವು, ದತ್ತು ಕೇಳುವವರೂ ಬಂದರು. ಆದರೆ ಇವತ್ತು ಎತ್ತಿಕೊಂಡ ಕೈ ಮುಂದಿನ ಪಾಳಿಗೆ ಇರುತ್ತಿರಲಿಲ್ಲ. ಕೂಸು ಮುಖ ಗುರುತಿಸಿ ನಗಲು ಕಲಿಯುವ ಹೊತ್ತಿನಲ್ಲಿ ಮುಖವೇ ಬದಲಾಗುತ್ತಿತ್ತು. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಮನೋವೈದ್ಯ ಜಾನ್ ಬೌಲ್ಬಿ ಬರೆದ ವರದಿ, ಕೂಸಿನ ಮನಸ್ಸು ಬೆಳೆಯಲು ತಾಯಿಯೊಡನೆ ಅಥವಾ ತಾಯಿಯಂತೆ ಸದಾ ಜೊತೆಗಿರುವ ಒಬ್ಬರೊಡನೆ ಗಟ್ಟಿ ನಂಟು ಬೇಕು ಎಂದಿತು. ಕಾರ್ನೆಲ್ಲಿನ ಆ ಪದ್ಧತಿ ನಿಂತದ್ದು 1969ರಲ್ಲಿ. ತೊಟ್ಟಿಲು ತೂಗುವವರು ಯಾರೆಂಬುದು ಹಾಲಿನ ಅಳತೆಯಷ್ಟೇ ಮುಖ್ಯ ಎಂಬುದು ಆಯಿಗೆ ಗೊತ್ತಿತ್ತು. ಶಾಸ್ತ್ರ ಅದನ್ನು ತಿಳಿಯಲು ಐವತ್ತು ವರ್ಷ ಹಿಡಿಯಿತು. ನನ್ನ ವಿದ್ಯಾರ್ಥಿನಿಯರಿಗೆ ಈ ಕಥೆಯನ್ನು ನಾನು ಎಂದೂ ಬಿಟ್ಟು ಪಾಠ ಮಾಡಿದ್ದಿಲ್ಲ.

ಇನ್ನು ನಮ್ಮ ದೇಶ. 1927ರಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನ ಸೇರಿತು. ಹೆಣ್ಣುಮಕ್ಕಳ ಶಿಕ್ಷಣ ಹೇಗಿರಬೇಕು ಎಂಬುದೇ ಅಲ್ಲಿಯ ಮುಖ್ಯ ಮಾತು. ಸಮ್ಮೇಳನದ ಸಂಘಟನೆಯ ಹೊಣೆ ಹೊತ್ತವರಲ್ಲಿ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಮುಂದೆ ದೇಶದ ಕೈಮಗ್ಗ, ಕರಕುಶಲ ಕಲೆಗಳನ್ನು ಎತ್ತಿ ನಿಲ್ಲಿಸಿದವರೂ ಅವರೇ. ಆ ಸಮ್ಮೇಳನದ ಪ್ರಯತ್ನದಿಂದ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಹುಟ್ಟಿತು. ಸ್ವಾತಂತ್ರ್ಯದ ನಂತರ ಬರೋಡದ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನಕ್ಕೆ ಪ್ರತ್ಯೇಕ ನಿಕಾಯವೇ ಬಂತು. ಅಲ್ಲಿಯ ಮೊದಲ ಕುಲಪತಿ ಹಂಸಾ ಮೆಹ್ತಾ. ಅವರ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೇನೆ.

ಮಕ್ಕಳ ಬೆಳವಣಿಗೆಯ ಪಾಠ ಮಾತ್ರ ಕಾಲೇಜಿನ ಹೊರಗೆ ಬೇರೆ ದಾರಿಯಿಂದ ಬಂದಿತ್ತು. ಗುಜರಾತಿನಲ್ಲಿ ಗಿಜುಭಾಯಿ ಬಧೇಕಾ ಮತ್ತು ತಾರಾಬಾಯಿ ಮೋಡಕ್ ಪುಟ್ಟ ಮಕ್ಕಳ ಶಾಲೆ ಕಟ್ಟುತ್ತಿದ್ದರು. 1939ರಲ್ಲಿ ಮರಿಯಾ ಮಾಂಟೆಸ್ಸರಿ ಮದ್ರಾಸಿನ ಅಡ್ಯಾರಿಗೆ ಬಂದವರು ಮಹಾಯುದ್ಧದಿಂದಾಗಿ 1946ರವರೆಗೆ ಇಲ್ಲೇ ಉಳಿದು ನೂರಾರು ಶಿಕ್ಷಕರಿಗೆ ತರಬೇತಿ ಕೊಟ್ಟರು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರ ಮಕ್ಕಳ ಕೂಟ 1938ರಲ್ಲೇ ಶುರುವಾಗಿತ್ತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಿಂದಲೇ ಮನಶ್ಶಾಸ್ತ್ರ ವಿಭಾಗವಿತ್ತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ರೇಡಿಯೋ ಪ್ರಸಾರ ಆರಂಭಿಸಿದವರು. ಆ ಕೇಂದ್ರದ ಹೆಸರು ಆಕಾಶವಾಣಿ. ಮನಸ್ಸಿನ ಶಾಸ್ತ್ರ ಓದಿದ ಆ ಮೇಷ್ಟ್ರ ಮನೆಯಿಂದ ಹೊರಟ ಹೆಸರಿನ ಆಸರೆಯಲ್ಲೇ ನಾನು ಇಂದು ನಿಮ್ಮೊಡನೆ ಮಾತಾಡುತ್ತಿದ್ದೇನೆ ಎಂಬುದು ನನಗೆ ತುಂಬ ಸಂತೋಷದ ಸಂಗತಿ.

ನಮ್ಮ ಮನೆಗಳಲ್ಲಿ ಕೂಸಿನ ಬೆಳವಣಿಗೆಗೆ ಒಂದು ಲೆಕ್ಕ ಮೊದಲಿಂದಲೂ ಇತ್ತು. ಕತ್ತು ನಿಂತಿತು, ಬೋರಲು ಬಿತ್ತು, ಅಂಬೆಗಾಲಿಟ್ಟಿತು, ಹೊಸ್ತಿಲು ದಾಟಿತು. ಹೊಸ್ತಿಲು ದಾಟಿದ ದಿನ ಎಷ್ಟೋ ಮನೆಗಳಲ್ಲಿ ಸಿಹಿ ಮಾಡುತ್ತಿದ್ದರು. ತಡವಾದರೆ ಅಕ್ಕಪಕ್ಕದ ಹಿರಿಯರು "ಇನ್ನೂ ಕೂತಿಲ್ಲೇನ?" ಎಂದು ಕೇಳುತ್ತಿದ್ದರು. ಎಷ್ಟು ತಡವಾದರೆ ಚಿಂತೆ ಮಾಡಬೇಕು ಎಂಬುದನ್ನು ಮಾತ್ರ ಯಾರೂ ಅಳೆದಿರಲಿಲ್ಲ. ಅಮೆರಿಕದ ಮಕ್ಕಳಿಗಾಗಿ ನ್ಯಾನ್ಸಿ ಬೇಲಿ ಮಾಡಿದ ಅಳತೆ ಇತ್ತು. ಅದು ನಮ್ಮ ಮಕ್ಕಳಿಗೆ ಸರಿಹೊಂದುತ್ತದೆಯೇ? ಬರೋಡದಲ್ಲಿ ಪ್ರಮೀಳಾ ಫಾಟಕ್ ಮತ್ತು ಸಂಗಡಿಗರು ಇಲ್ಲಿಯ ಕೂಸುಗಳನ್ನೇ ನೋಡಿ 1970ರಲ್ಲಿ ಹೊಸ ಅಳತೆ ಸಿದ್ಧಪಡಿಸಿದರು. ಹುಟ್ಟಿನಿಂದ ಎರಡೂವರೆ ವರ್ಷದವರೆಗೆ, ಅಂಗಚಲನೆಗೆ 67, ಬುದ್ಧಿಗೆ 163 ಪರೀಕ್ಷೆಗಳು. ಡ್ಯಾಸಿ ಎಂಬ ಹೆಸರಿನಲ್ಲಿ ಮಕ್ಕಳ ವೈದ್ಯರು ಇದನ್ನು ಬಳಸುತ್ತಾರೆ. ಅಜ್ಜಿಯ ಹೊಸ್ತಿಲನ್ನು ಅಂಕಿಗೆ ಇಳಿಸಿದ ಕೆಲಸ ಇದು ಎಂದು ನಾನು ತಿಳಿದಿದ್ದೇನೆ.

ತಾರಾಬಾಯಿ ಮೋಡಕ್ ಇನ್ನೊಂದು ದೊಡ್ಡ ಮಾತು ಕಂಡುಕೊಂಡಿದ್ದರು. ಬಡವರ ಮಕ್ಕಳು ಶಾಲೆಗೆ ಬರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಬೇಕು. 1945ರ ನಂತರ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಾಗೆಯೇ ಮಾಡಿದರು. ಅಂಗನವಾಡಿ ಎಂಬ ಪದ ಅಲ್ಲಿಯದು. 1975ರ ಗಾಂಧಿ ಜಯಂತಿಯಂದು ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇವತ್ತು ನಿಮ್ಮೂರಿನ ಅಂಗನವಾಡಿಯ ಟೀಚರ್ ಕೂಸನ್ನು ತಕ್ಕಡಿಯಲ್ಲಿ ತೂಗಿ, ವಯಸ್ಸಿನ ಪಕ್ಕದಲ್ಲಿ ತೂಕದ ಚುಕ್ಕಿ ಇಡುವಾಗ ಗೃಹವಿಜ್ಞಾನದ ಒಂದು ಅಧ್ಯಾಯವನ್ನೇ ಮಾಡಿ ತೋರಿಸುತ್ತಿರುತ್ತಾಳೆ. ಆಕೆಗೆ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ ಎಂಬ ಕೊರಗು ನನಗಿದೆ.

ಈಗ ಬಟ್ಟೆಗೆ ಮರಳುತ್ತೇನೆ. 1974ರಲ್ಲಿ ಧಾರವಾಡದಲ್ಲಿ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ ಬಂತು. ಹೆಸರಿನಲ್ಲೇ ಇದ್ದ ಗ್ರಾಮೀಣ ಎಂಬ ಮಾತು ನನಗೆ ಬಹಳ ಪ್ರಿಯ. ಸುತ್ತಮುತ್ತ ಎಂಥ ನೆಲ ನೋಡಿ. ಒಂದು ಕಡೆ ಇಳಕಲ್ಲು. ಅಲ್ಲಿ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸಿ ಟೋಪು ತೆನಿ ಸೆರಗು ನೇಯುತ್ತಾರೆ. ಒಡಲು ಹತ್ತಿಯದಾದರೂ ಸೆರಗು ರೇಷ್ಮೆಯದಾಗಬಹುದು. ಇನ್ನೊಂದು ಕಡೆ ರಾಷ್ಟ್ರಧ್ವಜದ ಖಾದಿ ನೇಯುವ ಗರಗ, ಧ್ವಜ ಸಿದ್ಧಪಡಿಸುವ ಹುಬ್ಬಳ್ಳಿಯ ಬೆಂಗೇರಿ. ಸ್ವತಂತ್ರ ಭಾರತ ಮಾನಕಗಳನ್ನು ಬರೆಯತೊಡಗಿದಾಗ ಒಂದನೆಯ ನಂಬರು ಕೊಟ್ಟದ್ದು ಯಾವುದಕ್ಕೆ ಗೊತ್ತೇ? ರಾಷ್ಟ್ರಧ್ವಜಕ್ಕೆ, 1951ರಲ್ಲಿ. ನೂಲು, ನೇಯ್ಗೆ, ಬಣ್ಣ, ಅಳತೆ ಯಾವುದೂ ತಪ್ಪುವಂತಿಲ್ಲ. ಹಾಸು ಹೊಕ್ಕುಗಳ ಎಳೆ ಎಣಿಸುವುದು, ಬಣ್ಣ ಬಿಡುತ್ತದೆಯೇ ನೋಡುವುದು ನಮ್ಮ ವಿದ್ಯಾರ್ಥಿನಿಯರಿಗೆ ಬೇಸರದ ಪ್ರಾಯೋಗಿಕ ತರಗತಿ. ಬೆಂಗೇರಿಯ ಧ್ವಜದ ಮಾತು ಹೇಳಿದ ಮೇಲೆ ಅದೇ ತರಗತಿಯಲ್ಲಿ ಅವರ ಬೆನ್ನು ನೇರವಾಗುತ್ತಿತ್ತು.

ಕಸೂತಿಯನ್ನಂತೂ ಬಿಡುವಂತಿಲ್ಲ. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕೇ ಹೊಲಿಗೆಗಳಿಂದ ಗೋಪುರ, ತೇರು, ಆನೆ, ತುಳಸಿಕಟ್ಟೆ, ತೊಟ್ಟಿಲು ಎಲ್ಲ ಏಳುತ್ತವೆ. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಚುಚ್ಚಬೇಕು. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ದಾರ ಮರಳಿ ಬಂದು ಬಿಟ್ಟ ಜಾಗಗಳನ್ನು ತುಂಬುತ್ತದೆ. ಹಿಂದೆ ಮುಂದೆ ಎರಡೂ ಬದಿ ಒಂದೇ ಆಗಿ ಕಾಣುತ್ತವೆ. ಓದು ಬರಹ ಬಾರದ ಎಷ್ಟೋ ಅಜ್ಜಿಯರು ಇಷ್ಟು ಲೆಕ್ಕವನ್ನು ತಲೆಯಲ್ಲೇ ಇಟ್ಟುಕೊಂಡಿದ್ದರು.

ಇಷ್ಟೆಲ್ಲ ತಿಳಿವಳಿಕೆ ಹೆಣ್ಣುಮಕ್ಕಳಿಗೆ ಮಾತ್ರ ಯಾಕೆ? ಇಲ್ಲಿ ಹಂಸಾ ಮೆಹ್ತಾ ಮತ್ತೆ ಬರುತ್ತಾರೆ. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಕರಡಿನಲ್ಲಿ ಎಲ್ಲ ಪುರುಷರೂ ಸಮಾನರು ಎಂಬ ಅರ್ಥ ಕೊಡುವ ಪದವಿತ್ತು. ಅದನ್ನು ಎಲ್ಲ ಮಾನವರೂ ಎಂದು ಮಾಡಿಸಲು ಹಟ ಹಿಡಿದವರು ಇವರೇ. 1948ರಲ್ಲಿ ಅದು ಹಾಗೆಯೇ ಅಂಗೀಕಾರವಾಯಿತು. ಹುಡುಗ ಹುಡುಗಿಯರಿಗೆ ಬೇರೆ ಬೇರೆ ಪಾಠ ಬೇಕೇ ಎಂದು ನೋಡಲು 1962ರಲ್ಲಿ ನೇಮಿಸಿದ ಸಮಿತಿಗೂ ಇವರೇ ಅಧ್ಯಕ್ಷೆ. ಬೇರೆ ಮಾಡಬೇಡಿ ಎಂದಿತು ಆ ಸಮಿತಿ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗ, ಗೃಹವಿಜ್ಞಾನವನ್ನು ಹುಡುಗಿಯರಿಗೆ ಕಡ್ಡಾಯ ಮಾಡಬಾರದು ಎಂದಿತು. ಮಾತು ಕಾಗದದ ಮೇಲೆ ಬಂದರೂ ತರಗತಿಗೆ ಬರಲು ಎರಡು ತಲೆಮಾರು ಬೇಕಾಯಿತು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ಈಗ ಈ ಪದವಿಯ ಹೆಸರು ಸಮುದಾಯ ವಿಜ್ಞಾನ. ಧಾರವಾಡದ ಕಾಲೇಜಿನ ಫಲಕವೂ ಬದಲಾಗಿದೆ. ಹೆಸರು ಬದಲಾದದ್ದು ನನಗೆ ಮೊದಲು ಸ್ವಲ್ಪ ಬೇಸರ ತಂದಿತ್ತು, ಗೃಹ ಎಂಬ ಮಾತನ್ನು ಯಾಕೆ ಕಳೆದುಕೊಳ್ಳಬೇಕು ಎಂದು.

ನಿವೃತ್ತಿಯಾದ ಮೇಲೆ ಒಂದು ಕಾಲೇಜಿನವರು ಕಸೂತಿ ಕಲಿಸಲು ಎರಡು ದಿನ ಕರೆದಿದ್ದರು. ಹೋಗಿ ನೋಡಿದರೆ ಹಿಂದಿನ ಬೆಂಚಿನಲ್ಲಿ ನಾಲ್ವರು ಹುಡುಗರು. ಒಬ್ಬನಂತೂ ಸೂಜಿಗೆ ದಾರ ಪೋಣಿಸಲು ಕಾಲು ಗಂಟೆ ತೆಗೆದುಕೊಂಡ. ಗವಂತಿಯಲ್ಲಿ ಒಂದು ತೊಟ್ಟಿಲು ಹಾಕಬೇಕು, ಅಕ್ಕನಿಗೆ ಕೂಸಾಗಿದೆ, ಕುಂಚಿಗೆಗೆ ಹೊಲಿಯುತ್ತೇನೆ ಎಂದ. ಎರಡನೆಯ ದಿನ ಸಂಜೆ ಮುಗಿಸಿದವನು ಬಟ್ಟೆಯನ್ನು ತಿರುವಿ ಹಾಕಿ ಬಹಳ ಹೊತ್ತು ನೋಡಿದ.

"ಮೇಡಂ, ಯಾವ ಕಡೆ ಒಳಗ ಬರಬೇಕ್ರಿ?" ಎಂದು ಕೇಳಿದ.

ಯಾವುದಾದರೂ ನಡೀತದಪ್ಪ ಎಂದೆ. ಅಸ್ತರಿಗೆ ಮಾತ್ರ ನಿಮ್ಮ ಅವ್ವನ ಹಳೆಯ ಸೀರೆ ಕೇಳಿಕೊಂಡು ಬಾ ಎಂದೆ.